ಇರುವ ಕಟ್ಟಡಗಳ ಸುಗಮ್ಯತಾ ಪರಿಶೋಧನೆ: ಒಂದು ಚಾರಿತ್ರಿಕ ವಿವೇಚನೆ

೧

ಕಟ್ಟಡಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವನ್ನು ಕಟ್ಟಿಸಿದ ಪ್ರಭುಗಳ ದೃಷ್ಟಿಯಿಂದಲೋ, ಕಟ್ಟಿದ ಶಿಲ್ಪಿಗಳ ದೃಷ್ಟಿಯಿಂದಲೋ ಬರೆದಿದ್ದಾರೆ. ಒಂದು ಕಟ್ಟಡದ ಒಳಕ್ಕೆ ಯಾರು ಹೋಗಬಲ್ಲರು, ಯಾರು ಬಾಗಿಲಾಚೆಯೇ ಉಳಿಯಬೇಕಾಗುತ್ತದೆ ಎಂಬ ದೃಷ್ಟಿಯಿಂದ ಬರೆದ ಚರಿತ್ರೆ ವಿರಳ. ದೇವಾಲಯ ಪ್ರವೇಶದ ಚಳವಳಿಯ ಕಾಲದಲ್ಲಿ ಈ ಪ್ರಶ್ನೆ ನಮ್ಮ ದೇಶದಲ್ಲಿ ಗಟ್ಟಿಯಾಗಿಯೇ ಕೇಳಿಬಂದಿತು. ಆಗ ಅಡ್ಡವಾಗಿದ್ದುದು ಮನುಷ್ಯರ ಆಚಾರ. ಅಂಗವಿಕಲರ ವಿಷಯದಲ್ಲಿ ಅಡ್ಡವಾಗಿರುವುದು ಕಲ್ಲು, ಇಟ್ಟಿಗೆ, ಗಾರೆ. ಆದಕಾರಣ ಅದನ್ನು ಬಹುಕಾಲ ಯಾರೂ ಅಡ್ಡಿಯೆಂದೇ ಎಣಿಸಲಿಲ್ಲ. ಮೆಟ್ಟಿಲನ್ನು ಹತ್ತಲಾರದವನು ಹೊರಗುಳಿದರೆ ಕೊರತೆ ಅವನ ಕಾಲಿನಲ್ಲಿದೆಯೆಂದು ಭಾವಿಸಲಾಗುತ್ತಿತ್ತೇ ಹೊರತು ಮೆಟ್ಟಿಲಿನಲ್ಲಿದೆಯೆಂದು ಭಾವಿಸುತ್ತಿರಲಿಲ್ಲ.

ಈ ಭಾವನೆಯನ್ನು ಬದಲಿಸಿದ ಸಾಧನಗಳಲ್ಲಿ ಮುಖ್ಯವಾದುದು ಕಟ್ಟಡದ ಸುಗಮ್ಯತಾ ಪರಿಶೋಧನೆ. ಇದನ್ನು ರೂಢಿಯಲ್ಲಿ ಆಕ್ಸೆಸ್ ಆಡಿಟ್ ಎಂದು ಕರೆಯುತ್ತಾರೆ. ಲೆಕ್ಕ ಪರಿಶೋಧಕನು ಖಾತೆಯನ್ನು ನೋಡುವಂತೆ ಇಲ್ಲಿ ಪರಿಶೋಧಕನು ಕಟ್ಟಡವನ್ನು ನೋಡುತ್ತಾನೆ. ಹೆಬ್ಬಾಗಿಲಿನಿಂದ ಹಿಡಿದು ಶೌಚಾಲಯದವರೆಗೆ ಪ್ರತಿಯೊಂದನ್ನೂ ಅಳೆದು, ನಿಗದಿಯಾದ ಮಾನದೊಡನೆ ಹೋಲಿಸಿ, ಕೊರತೆಯನ್ನು ಬರೆದಿಡುತ್ತಾನೆ. ಹೊಸದಾಗಿ ಕಟ್ಟುವ ಕಟ್ಟಡಕ್ಕೆ ನಿಯಮ ವಿಧಿಸುವುದು ಅಷ್ಟು ಕಷ್ಟವಲ್ಲ. ನಕ್ಷೆಯನ್ನು ತಿದ್ದಿದರೆ ಸಾಕು. ಈಗಾಗಲೇ ಇರುವ ಕಟ್ಟಡವನ್ನು ಏನು ಮಾಡಬೇಕು ಎಂಬುದೇ ನಿಜವಾದ ತೊಡಕು. ಈ ತೊಡಕನ್ನು ಅಮೆರಿಕವೂ ಭಾರತವೂ ಹೇಗೆ ಎದುರಿಸಿದವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅಳತೆ, ಅವಧಿ, ಹೊಣೆ ಈ ಮೂರೂ ಕೂಡಿದ ಕಡೆ ಪರಿಶೋಧನೆ ಫಲಿಸಲು ಅವಕಾಶವಿದೆ, ಮೂರರಲ್ಲಿ ಒಂದು ತಪ್ಪಿದರೂ ಅದು ಕಡತದಲ್ಲಿ ಉಳಿಯುತ್ತದೆ ಎಂಬುದನ್ನು ಈ ಚರಿತ್ರೆಯಿಂದ ತೋರಿಸಬಹುದೆಂದು ನಂಬಿದ್ದೇನೆ.

೨

ಮೊದಲು ಅಳತೆಯ ವಿಚಾರ. ಅದು ಹುಟ್ಟಿದ್ದು ಒಂದು ವಿಶ್ವವಿದ್ಯಾನಿಲಯದಲ್ಲಿ ಎಂಬುದು ನಮಗೆ ವಿಶೇಷವಾಗಿ ಗಮನಾರ್ಹ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯವು ಗೇಲ್ಸ್‌ಬರ್ಗ್ ಎಂಬಲ್ಲಿ ಸೈನಿಕ ಆಸ್ಪತ್ರೆಯಾಗಿದ್ದ ಕಟ್ಟಡಗಳಲ್ಲಿ ಒಂದು ಶಾಖೆಯನ್ನು ತೆರೆಯಿತು. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಿದ್ದ ಮಾಜಿ ಯೋಧರು ಅಲ್ಲಿ ವಿದ್ಯಾರ್ಥಿಗಳಾದರು. ಆಸ್ಪತ್ರೆಯ ಕಟ್ಟಡವಾದ್ದರಿಂದ ಗಾಲಿಕುರ್ಚಿಗೆ ಅಲ್ಲಿ ಅಷ್ಟಾಗಿ ಅಡಚಣೆಯಿರಲಿಲ್ಲ. ೧೯೪೯ರಲ್ಲಿ ಆ ಶಾಖೆ ಮುಚ್ಚಿತು. ವಿದ್ಯಾರ್ಥಿಗಳು ಸುಮ್ಮನಾಗದೆ ರಾಜ್ಯದ ರಾಜಧಾನಿಗೆ ಹೋಗಿ ಅಹವಾಲು ಸಲ್ಲಿಸಿದರು. ಅವರ ಕಾರ್ಯಕ್ರಮಕ್ಕೆ ಕಡೆಗೆ ಅರ್ಬಾನಾ-ಶಾಂಪೇನ್‌ನಲ್ಲಿದ್ದ ಮುಖ್ಯ ವಿದ್ಯಾಕೇಂದ್ರದಲ್ಲಿ ಪ್ರಯೋಗವೆಂಬ ಹೆಸರಿನಲ್ಲಿ ಸ್ಥಳ ದೊರೆಯಿತು. ಆದರೆ ಅಲ್ಲಿನ ಹಳೆಯ ಕಟ್ಟಡಗಳು ಎಲ್ಲ ವಿಶ್ವವಿದ್ಯಾನಿಲಯಗಳ ಹಳೆಯ ಕಟ್ಟಡಗಳಂತೆಯೇ ಮೆಟ್ಟಿಲುಮಯವಾಗಿದ್ದವು.

ಕಾರ್ಯಕ್ರಮದ ನಿರ್ದೇಶಕನಾಗಿದ್ದ ಟಿಮತಿ ನ್ಯೂಜೆಂಟ್ ಈ ಕಟ್ಟಡಗಳಿಗೆ ಒಂದೊಂದಾಗಿ ಇಳಿಜಾರು ಹಾದಿಗಳನ್ನು ಹಾಕಿಸತೊಡಗಿದ. ಎಷ್ಟು ಇಳಿಜಾರಾದರೆ ಗಾಲಿಕುರ್ಚಿಯಲ್ಲಿ ಕುಳಿತವನು ಬೇರೊಬ್ಬರ ಕೈ ಕಾಯದೆ ಏರಬಲ್ಲ, ಬಾಗಿಲು ಎಷ್ಟು ಅಗಲವಿರಬೇಕು, ಕುರ್ಚಿ ಹಿಂತಿರುಗಲು ಎಷ್ಟು ನೆಲ ಬೇಕು ಎಂಬ ಪ್ರಶ್ನೆಗಳಿಗೆ ಅದುವರೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ೧೯೫೯ರಿಂದ ಅಲ್ಲಿ ಕ್ರಮಬದ್ಧವಾದ ಸಂಶೋಧನೆ ನಡೆಯಿತು. ಅದರ ಫಲವಾಗಿ ೧೯೬೧ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಎ ೧೧೭.೧ ಎಂಬ ಮಾನಕವನ್ನು ಪ್ರಕಟಿಸಿತು. ಕೆಲವೇ ಪುಟಗಳ ಈ ಹೊತ್ತಗೆಯ ಪ್ರಕಾರ ಇಳಿಜಾರು ಹಾದಿಯು ೧೨ ಅಡಿ ಉದ್ದಕ್ಕೆ ೧ ಅಡಿಗಿಂತ ಹೆಚ್ಚು ಏರಬಾರದು. ಬಾಗಿಲು ತೆರೆದಾಗ ೩೨ ಅಂಗುಲ ದಾರಿ ಬಿಡಬೇಕು. ಗಾಲಿಕುರ್ಚಿ ತಿರುಗಲು ೬೦ ಅಂಗುಲ ಚೌಕದ ನೆಲ ಬೇಕು. ಅಂಧರು ಕೈಯಿಂದ ತಡವಿ ಓದಬಲ್ಲಂತೆ ಕೋಣೆಯ ಅಕ್ಷರಗಳು ಉಬ್ಬಾಗಿರಬೇಕು, ಅಪಾಯದ ಸೂಚನೆಯು ಕಿವಿಗೂ ಕಣ್ಣಿಗೂ ತಿಳಿಯುವಂತಿರಬೇಕು ಎಂಬ ಮಾತುಗಳೂ ಅದರಲ್ಲಿದ್ದವು.

ಈ ಅಂಕಿಗಳ ಮಹತ್ವವನ್ನು ಕಡೆಗಣಿಸಬಾರದು. ಅಳತೆ ಇಲ್ಲದಾಗ 'ನಮ್ಮ ಕಟ್ಟಡ ಸಾಕಷ್ಟು ಅನುಕೂಲವಾಗಿದೆ' ಎಂಬ ಮಾತನ್ನು ಅಲ್ಲಗಳೆಯಲು ಉಪಾಯವಿರಲಿಲ್ಲ. ಅಳತೆ ಬಂದ ಮೇಲೆ ಬಾಗಿಲು ೨೮ ಅಂಗುಲವಿದೆಯೋ ೩೨ ಅಂಗುಲವಿದೆಯೋ ಎಂಬುದು ಅಭಿಪ್ರಾಯದ ಮಾತಾಗಿ ಉಳಿಯಲಿಲ್ಲ. ದಯೆಯ ವಿಷಯವಾಗಿದ್ದುದು ಸಾಕ್ಷ್ಯದ ವಿಷಯವಾಯಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ, ಪೋಲಿಯೋ ರೋಗದಿಂದ ತಾನೇ ಅಂಗವಿಕಲನಾಗಿದ್ದ ವಾಸ್ತುಶಿಲ್ಪಿ ಸೆಲ್ವಿನ್ ಗೋಲ್ಡ್‌ಸ್ಮಿತ್, ಅಂಗವಿಕಲರಿಗಾಗಿ ಕಟ್ಟಡ ವಿನ್ಯಾಸವನ್ನು ಕುರಿತು ೧೯೬೩ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ. ಆಮೇಲೆ ಆತ ನಾರಿಚ್ ನಗರದಲ್ಲಿ ೨೮೪ ಮಂದಿ ಗಾಲಿಕುರ್ಚಿ ಬಳಸುವವರನ್ನು ಕಂಡು ಮಾತನಾಡಿಸಿದ. ಆ ನಗರದಲ್ಲಿ ಕಾಲುದಾರಿಯ ಅಂಚನ್ನು ರಸ್ತೆಯ ಮಟ್ಟಕ್ಕೆ ತಗ್ಗಿಸಿ ೧೫ ಕಡೆ ಪ್ರಯೋಗ ಮಾಡಿದುದು ಈ ಸಂಶೋಧನೆಯ ಫಲ. ಅಳೆಯುವವನು ಬಳಸುವವರನ್ನು ಕೇಳಿಯೇ ಅಳೆಯಬೇಕು ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

೩

ಅಳತೆ ಸಿದ್ಧವಾದ ಮಾತ್ರಕ್ಕೆ ಕಟ್ಟಡಗಳು ಬದಲಾಗಲಿಲ್ಲ. ೧೯೬೮ರಲ್ಲಿ ಅಮೆರಿಕದ ಸಂಸತ್ತು ವಾಸ್ತು ಅಡೆತಡೆಗಳ ಕಾಯಿದೆಯನ್ನು ಮಾಡಿತು. ಆದರೆ ಅದು ಮುಖ್ಯವಾಗಿ ಕೇಂದ್ರ ಸರ್ಕಾರದ ಹಣದಿಂದ ಹೊಸದಾಗಿ ಕಟ್ಟುವ ಮತ್ತು ಮಾರ್ಪಡಿಸುವ ಕಟ್ಟಡಗಳಿಗೆ ಅನ್ವಯಿಸಿತು. ಅದನ್ನು ಪಾಲಿಸಲಾಗಿದೆಯೇ ಎಂದು ನೋಡುವ ಅಧಿಕಾರ ಯಾರಿಗೂ ಸರಿಯಾಗಿ ಇರಲಿಲ್ಲ. ಅದಕ್ಕಾಗಿ ಒಂದು ಮಂಡಲಿ ಏರ್ಪಟ್ಟುದು ೧೯೭೩ರ ಪುನರ್ವಸತಿ ಕಾಯಿದೆಯಿಂದ. ಕಾಯಿದೆಯ ಆಚರಣೆ ಸಾಲದೆಂದು ದೇಶದ ಲೆಕ್ಕ ಪರಿಶೋಧನಾ ಕಚೇರಿಯೇ ೧೯೭೫ರಲ್ಲಿ ಸಂಸತ್ತಿಗೆ ವರದಿ ಒಪ್ಪಿಸಿತು.

೧೯೭೩ರ ಕಾಯಿದೆಯ ೫೦೪ನೆಯ ಪ್ರಕರಣವು, ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಕೂಡದೆಂದು ವಿಧಿಸಿತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳು ನಾಲ್ಕು ವರ್ಷ ಹೊರಬೀಳಲಿಲ್ಲ. ೧೯೭೭ರ ಏಪ್ರಿಲ್ ೫ರಂದು ಅಂಗವಿಕಲರು ಹಲವು ನಗರಗಳಲ್ಲಿ ಸರ್ಕಾರಿ ಕಚೇರಿಗಳೆದುರು ಸತ್ಯಾಗ್ರಹಕ್ಕೆ ತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರಕ್ಕೂ ಹೆಚ್ಚು ಮಂದಿ ಕಚೇರಿಯ ಒಳಗೇ ಕುಳಿತು ಸುಮಾರು ೨೫ ದಿನ ಕದಲಲಿಲ್ಲ. ಏಪ್ರಿಲ್ ೨೮ರಂದು ಸಚಿವ ಜೋಸೆಫ್ ಕ್ಯಾಲಿಫ್ಯಾನೋ ನಿಯಮಗಳಿಗೆ ಸಹಿ ಹಾಕಿದ.

ನಮ್ಮ ವಿಷಯಕ್ಕೆ ಈ ನಿಯಮಗಳೇ ಮೂಲಶಾಸನದಂತಿವೆ. ಪ್ರತಿಯೊಂದು ಸಂಸ್ಥೆಯೂ ಒಂದು ವರ್ಷದೊಳಗೆ ಸ್ವಂತ ಪರಿಶೀಲನೆ ನಡೆಸಬೇಕು. ಕಟ್ಟಡದ ಮಾರ್ಪಾಡು ಬೇಕಾದಲ್ಲಿ ಆರು ತಿಂಗಳೊಳಗೆ ಒಂದು ಪರಿವರ್ತನ ಯೋಜನೆಯನ್ನು ಬರೆಯಬೇಕು. ಆ ಯೋಜನೆಯಲ್ಲಿ ಭೌತಿಕ ಅಡೆತಡೆಗಳ ಪಟ್ಟಿ, ಅವನ್ನು ತೆಗೆಯುವ ವಿಧಾನ, ಕೆಲಸದ ಕಾಲಕ್ರಮ, ಹೊಣೆಗಾರನಾದ ವ್ಯಕ್ತಿಯ ಹೆಸರು ಈ ನಾಲ್ಕೂ ಇರಬೇಕು. ಅದನ್ನು ಅಂಗವಿಕಲರ ಸಹಾಯದಿಂದ ಸಿದ್ಧಪಡಿಸಬೇಕು, ಕೇಳಿದವರಿಗೆ ತೋರಿಸಬೇಕು. ಮಾರ್ಪಾಡು ಮೂರು ವರ್ಷದೊಳಗೆ ಮುಗಿಯಬೇಕು. ಅಳತೆ, ಅವಧಿ, ಹೊಣೆ ಇಲ್ಲಿ ಒಂದೇ ದಾಖಲೆಯಲ್ಲಿ ಕೂಡಿದವು.

ಈ ನಿಯಮಗಳಲ್ಲಿ ಒಂದು ವಿವೇಕವೂ ಇತ್ತು. ಪ್ರತಿಯೊಂದು ಹಳೆಯ ಕಟ್ಟಡದ ಪ್ರತಿಯೊಂದು ಮೂಲೆಯನ್ನೂ ಒಡೆದು ಕಟ್ಟಬೇಕೆಂದು ಅವು ಹೇಳಲಿಲ್ಲ. ಸಂಸ್ಥೆಯ ಕಾರ್ಯಕ್ರಮ ಒಟ್ಟಿನಲ್ಲಿ ಅಂಗವಿಕಲರಿಗೆ ಎಟುಕುವಂತಿದ್ದರೆ ಸಾಕು. ಮೂರನೆಯ ಅಂತಸ್ತಿನ ತರಗತಿಯನ್ನು ನೆಲ ಅಂತಸ್ತಿಗೆ ಇಳಿಸುವುದೂ ಪರಿಹಾರವೇ. ಆದರೆ ಈ ಸಡಿಲಿಕೆಯಲ್ಲಿ ಅಪಾಯವೂ ಉಂಟು. ತರಗತಿಯನ್ನು ಕೆಳಗಿಳಿಸಬಹುದು, ಗ್ರಂಥಭಂಡಾರವನ್ನು, ಪ್ರಯೋಗಶಾಲೆಯನ್ನು ಅಷ್ಟು ಸುಲಭವಾಗಿ ಇಳಿಸಲಾಗುವುದಿಲ್ಲ. ೧೯೯೦ರ ಜುಲೈ ೨೬ರಂದು ಅಂಗೀಕೃತವಾದ ಅಮೆರಿಕದ ಅಂಗವಿಕಲರ ಕಾಯಿದೆಯು ಇದೇ ಕ್ರಮವನ್ನು ರಾಜ್ಯ ಸರ್ಕಾರಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸಿ, ಕಟ್ಟಡದ ಮಾರ್ಪಾಡುಗಳಿಗೆ ೧೯೯೫ರ ಜನವರಿ ೨೬ರ ಗಡುವನ್ನು ಗೊತ್ತುಪಡಿಸಿತು.

೪

ಇನ್ನು ಭಾರತದ ಕಡೆಗೆ ತಿರುಗಬಹುದು. ಏಷ್ಯ ಮತ್ತು ಶಾಂತಸಾಗರ ಪ್ರದೇಶದ ರಾಷ್ಟ್ರಗಳು ೧೯೯೨ರ ಡಿಸೆಂಬರಿನಲ್ಲಿ ಬೀಜಿಂಗ್‌ನಲ್ಲಿ ಸೇರಿ ಅಂಗವಿಕಲರ ಪೂರ್ಣ ಭಾಗವಹಿಸುವಿಕೆಯನ್ನೂ ಸಮಾನತೆಯನ್ನೂ ಕುರಿತು ಘೋಷಣೆ ಹೊರಡಿಸಿದವು. ಅದಕ್ಕನುಗುಣವಾಗಿ ನಮ್ಮ ಸಂಸತ್ತು ೧೯೯೫ರ ಅಧಿನಿಯಮವನ್ನು ಅಂಗೀಕರಿಸಿತು. ಅದು ೧೯೯೬ರ ಫೆಬ್ರುವರಿ ೭ರಿಂದ ಜಾರಿಗೆ ಬಂದಿತು. ಅದರ ೪೬ನೆಯ ಪ್ರಕರಣವು ಸಾರ್ವಜನಿಕ ಕಟ್ಟಡಗಳಲ್ಲಿ ಇಳಿಜಾರು ಹಾದಿ, ಗಾಲಿಕುರ್ಚಿಗೆ ಒದಗುವ ಶೌಚಾಲಯ, ಲಿಫ್ಟುಗಳಲ್ಲಿ ಬ್ರೈಲ್ ಅಕ್ಷರ ಮತ್ತು ಧ್ವನಿ ಸೂಚನೆ, ಆಸ್ಪತ್ರೆಗಳಲ್ಲಿ ಇಳಿಜಾರು ಇವುಗಳನ್ನು ಏರ್ಪಡಿಸಬೇಕೆಂದಿತು. ಆದರೆ ಸರ್ಕಾರಗಳೂ ಸ್ಥಳೀಯ ಸಂಸ್ಥೆಗಳೂ ಇದನ್ನು ತಮ್ಮ 'ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ' ಮಾಡತಕ್ಕದ್ದೆಂಬ ಮಾತು ಅದೇ ಪ್ರಕರಣದಲ್ಲಿ ಸೇರಿತ್ತು. ಸಾಮರ್ಥ್ಯವಿದೆಯೇ ಇಲ್ಲವೇ ಎಂಬುದನ್ನು ಕರ್ತವ್ಯ ಮಾಡಬೇಕಾದವನೇ ನಿರ್ಣಯಿಸುವಂತಾಯಿತು. ಅವಧಿಯ ಮಾತು ಅದರಲ್ಲಿ ಇರಲೇ ಇಲ್ಲ.

ಅಳತೆ ಮಾತ್ರ ಬೇಗನೆ ಬಂದಿತು. ಕೇಂದ್ರ ಲೋಕೋಪಯೋಗಿ ಇಲಾಖೆಯು ಅಂಗವಿಕಲರಿಗೂ ವೃದ್ಧರಿಗೂ ಅಡೆತಡೆಯಿಲ್ಲದ ಕಟ್ಟಡಗಳನ್ನು ಕುರಿತ ಮಾರ್ಗಸೂಚಿಯನ್ನು ೧೯೯೮ರಲ್ಲಿ ಹೊರತಂದಿತು. ಇಲಿನಾಯ್‌ನಲ್ಲಿ ಗೊತ್ತಾದ ೧೨ಕ್ಕೆ ೧ರ ಪ್ರಮಾಣ ನಮ್ಮ ಇಂಜಿನಿಯರುಗಳ ಕೈಗೂ ಬಂದಿತು. ಆದರೆ ಮಾರ್ಗಸೂಚಿ ಹೆಸರಿಗೆ ತಕ್ಕಂತೆ ಸೂಚನೆಯಾಗಿಯೇ ಉಳಿಯಿತು.

ಈ ಕಾಲದ ಸ್ಥಿತಿಯನ್ನು ಒಂದು ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ೨೦೦೧ರ ಜನವರಿಯಲ್ಲಿ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಅಲ್ಲಿನ ಪ್ರಾಚೀನ ಸ್ಮಾರಕಗಳನ್ನು ನೋಡಬಯಸಿದರು. ಅವರ ಗಾಲಿಕುರ್ಚಿಗಾಗಿ ಕುತುಬ್ ಮಿನಾರ್ ಮೊದಲಾದ ಕಡೆ ಮರದ ಇಳಿಜಾರುಗಳನ್ನು ತಾತ್ಕಾಲಿಕವಾಗಿ ಹಾಕಲಾಯಿತು. ಶತಮಾನಗಳ ಹಳೆಯ ಕಲ್ಲಿಗೆ ಧಕ್ಕೆಯಾಗದಂತೆ ದಾರಿ ಮಾಡಬಹುದೆಂಬುದು ಇದರಿಂದ ಸಿದ್ಧವಾಯಿತು. ಮನಸ್ಸು ಮಾಡಿದರೆ ಕೆಲವು ದಿನಗಳಲ್ಲಿ ಆಗುವ ಕೆಲಸ, ಅದುವರೆಗೆ ಅದೇ ಸ್ಮಾರಕಗಳನ್ನು ನೋಡಲು ಬಂದ ನಮ್ಮವರೇ ಆದ ಅಂಗವಿಕಲರಿಗೆ ಏಕೆ ಆಗಲಿಲ್ಲವೆಂಬ ಪ್ರಶ್ನೆಯೂ ಎದ್ದಿತು. ಕಲ್ಲು ಅಡ್ಡಿಯೆಂದು ಹೇಳುತ್ತಿದ್ದವರಿಗೆ ಕಲ್ಲೇ ಉತ್ತರ ಕೊಟ್ಟಂತಾಯಿತು.

೫

ವಿಶ್ವಸಂಸ್ಥೆಯ ಸಾಮಾನ್ಯ ಸಭೆ ೨೦೦೬ರ ಡಿಸೆಂಬರ್ ೧೩ರಂದು ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ೨೦೦೭ರ ಅಕ್ಟೋಬರ್ ೧ರಂದು ಅನುಮೋದಿಸಿತು. ಅಡೆತಡೆಗಳನ್ನು ಗುರುತಿಸುವುದೂ ನಿವಾರಿಸುವುದೂ ರಾಷ್ಟ್ರಗಳ ಕರ್ತವ್ಯವೆಂದು ಅದರ ೯ನೆಯ ವಿಧಿ ಹೇಳುತ್ತದೆ. ಗುರುತಿಸುವುದೆಂದರೆ ಪರಿಶೋಧನೆಯೇ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿ ೧೩.೨೪ ಲಕ್ಷ ಅಂಗವಿಕಲರಿದ್ದರು. ಹೀಗಿರಲು ಇದು ಬೆರಳೆಣಿಕೆಯ ಜನರ ಸಮಸ್ಯೆಯೆಂದು ಹೇಳುವಂತಿರಲಿಲ್ಲ.

೨೦೧೫ರ ಡಿಸೆಂಬರ್ ೩ರಂದು ಕೇಂದ್ರ ಸರ್ಕಾರವು ಸುಗಮ್ಯ ಭಾರತ ಅಭಿಯಾನವನ್ನು ಆರಂಭಿಸಿತು. ಪರಿಶೋಧನೆಯು ನಮ್ಮ ದೇಶದಲ್ಲಿ ರಾಷ್ಟ್ರಮಟ್ಟದ ಸರ್ಕಾರಿ ಕಾರ್ಯವಾದುದು ಇದರಿಂದಲೇ ಎನ್ನಬಹುದು. ೫೦ ನಗರಗಳಲ್ಲಿ ಒಂದೊಂದರಲ್ಲೂ ೨೫ರಿಂದ ೫೦ ಮುಖ್ಯ ಸರ್ಕಾರಿ ಕಟ್ಟಡಗಳನ್ನು ಆರಿಸಿ, ಪರಿಶೋಧಿಸಿ, ಮಾರ್ಪಡಿಸಬೇಕೆಂದು ಗೊತ್ತಾಯಿತು. ೧೬೭೧ ಕಟ್ಟಡಗಳ ಪರಿಶೋಧನೆ ಮುಗಿದುದಾಗಿ ಸರ್ಕಾರ ಮುಂದೆ ಪ್ರಕಟಿಸಿತು. ಆದರೆ ಪರಿಶೋಧನೆಯ ವೇಗ ಮಾರ್ಪಾಡಿನಲ್ಲಿ ಕಾಣಲಿಲ್ಲ. ಮೊದಲು ೨೦೧೬ರ ಜುಲೈ ಎಂದಿದ್ದ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪರಿಶೋಧಿತವಾದ ಕಟ್ಟಡ ಬೇರೆ, ಸುಗಮ್ಯವಾದ ಕಟ್ಟಡ ಬೇರೆ. ಮೊದಲನೆಯದರ ಸಂಖ್ಯೆ ಬೆಳೆದಂತೆಲ್ಲ ಎರಡನೆಯದೂ ಬೆಳೆಯಿತೆಂದು ಓದುಗನಿಗೆ ಭ್ರಮೆಯಾಗುವ ಸಂಭವವಿದೆ. ಆಡಳಿತ ವರದಿಗಳನ್ನು ಆಕರವಾಗಿ ಬಳಸುವ ಚರಿತ್ರೆಯ ವಿದ್ಯಾರ್ಥಿ ಈ ಎರಡು ಅಂಕಣಗಳನ್ನು ಬೇರೆಯಾಗಿಯೇ ಓದಬೇಕು.

೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಅವಧಿಯ ಕೊರತೆಯನ್ನು ತುಂಬಿತು. ಅದರ ೪೪ನೆಯ ಪ್ರಕರಣದ ಮೇರೆಗೆ, ನಿಯಮ ಪಾಲಿಸದ ಹೊಸ ಕಟ್ಟಡಕ್ಕೆ ಅನುಮತಿಯಾಗಲಿ ಪೂರ್ಣತಾ ಪತ್ರವಾಗಲಿ ದೊರೆಯಕೂಡದು. ೪೫ನೆಯ ಪ್ರಕರಣದ ಮೇರೆಗೆ, ನಿಯಮಗಳು ಹೊರಟ ಐದು ವರ್ಷದೊಳಗೆ ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳೂ ಸುಗಮ್ಯವಾಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ, ಆಸ್ಪತ್ರೆ, ಶಾಲೆ, ರೈಲು ನಿಲ್ದಾಣ, ಬಸ್ ನಿಲ್ದಾಣ ಇವುಗಳಿಗೆ ಆದ್ಯತೆಯ ಯೋಜನೆಯನ್ನು ಬರೆದು ಪ್ರಕಟಿಸಬೇಕು. ನಿಯಮಗಳು ೨೦೧೭ರ ಜೂನ್ ೧೫ರಂದು ಹೊರಟವು. ಹಾಗಾಗಿ ಐದು ವರ್ಷದ ಅವಧಿ ೨೦೨೨ರ ಜೂನ್‌ನಲ್ಲಿ ತೀರಿತು. ಉಲ್ಲಂಘನೆಗೆ ದಂಡವನ್ನೂ ೮೯ನೆಯ ಪ್ರಕರಣ ವಿಧಿಸಿತು: ಮೊದಲ ಸಲ ೧೦ ಸಾವಿರ ರೂಪಾಯಿಯವರೆಗೆ, ಮುಂದಿನ ಸಲ ೫೦ ಸಾವಿರದಿಂದ ೫ ಲಕ್ಷದವರೆಗೆ.

೬

ಇಷ್ಟೆಲ್ಲ ಇದ್ದೂ ಕೆಲಸ ಏಕೆ ನಿಂತಿತು ಎಂಬುದಕ್ಕೆ ಉತ್ತರವನ್ನು ಸರ್ವೋಚ್ಚ ನ್ಯಾಯಾಲಯದ ದಾಖಲೆಗಳಲ್ಲಿ ಕಾಣಬಹುದು. ೨೦೦೫ರಲ್ಲಿ ದಾಖಲಾದ ರಾಜೀವ್ ರತೂರಿ ಪ್ರಕರಣದಲ್ಲಿ ನ್ಯಾಯಾಲಯವು ೨೦೧೭ರ ಡಿಸೆಂಬರ್ ೧೫ರಂದು ತೀರ್ಪಿತ್ತಿತು. ರಾಷ್ಟ್ರ ಮತ್ತು ರಾಜ್ಯಗಳ ರಾಜಧಾನಿಗಳಲ್ಲಿ ಅರ್ಧದಷ್ಟು ಸರ್ಕಾರಿ ಕಟ್ಟಡಗಳು ೨೦೧೮ರ ಡಿಸೆಂಬರಿನೊಳಗೆ ಸುಗಮ್ಯವಾಗಬೇಕು. ಪ್ರತಿಯೊಂದು ರಾಜ್ಯದ ಹತ್ತು ಮುಖ್ಯ ಊರುಗಳಲ್ಲಿ ಅರ್ಧದಷ್ಟು ಸರ್ಕಾರಿ ಕಟ್ಟಡಗಳ ಪರಿಶೋಧನೆಯೂ ಮಾರ್ಪಾಡೂ ೨೦೧೯ರ ಡಿಸೆಂಬರಿನೊಳಗೆ ಮುಗಿಯಬೇಕು ಎಂದು ಅದು ನಿರ್ದೇಶಿಸಿತು.

ಈ ನಿರ್ದೇಶನಗಳ ಪಾಲನೆಯನ್ನು ನೋಡುತ್ತ ಬಂದ ನ್ಯಾಯಾಲಯವು ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾನಿಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರಕ್ಕೆ ವರದಿ ಸಲ್ಲಿಸಲು ಹೇಳಿತು. ಆ ವರದಿಯನ್ನು ಆಧರಿಸಿ ೨೦೨೪ರ ನವೆಂಬರ್ ೮ರಂದು ಅದೇ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂದಿತು. ಅದರ ತಿರುಳು ಹೀಗಿದೆ: ೨೦೧೬ರ ಅಧಿನಿಯಮವು ಕಡ್ಡಾಯವಾದ ಮಾನಗಳನ್ನು ನಿಯಮಗಳ ಮೂಲಕ ವಿಧಿಸಬೇಕೆಂದು ಹೇಳುತ್ತದೆ, ಆದರೆ ೨೦೧೭ರ ನಿಯಮಗಳ ೧೫(೧)ನೆಯ ನಿಯಮವು ನಾನಾ ಇಲಾಖೆಗಳ ಮಾರ್ಗಸೂಚಿಗಳ ಕಡೆಗೆ ಕೈತೋರಿಸಿ ಸುಮ್ಮನಾಗುತ್ತದೆ, ಆ ಮಾರ್ಗಸೂಚಿಗಳ ಭಾಷೆ ಸಲಹೆಯ ಭಾಷೆ, ಆದುದರಿಂದ ಆ ನಿಯಮ ಮೂಲ ಅಧಿನಿಯಮಕ್ಕೆ ವಿರುದ್ಧವಾದುದು. ಬಿಡಲಾಗದ ಕನಿಷ್ಠ ಮಾನಗಳನ್ನು ಬೇರೆಯಾಗಿ ತೆಗೆದು ಮೂರು ತಿಂಗಳೊಳಗೆ ವಿಧಿಸಬೇಕೆಂದು ಕೇಂದ್ರಕ್ಕೆ ಆಜ್ಞೆಯಾಯಿತು.

ಈ ತೀರ್ಪನ್ನು ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ವಿಶದವಾಗುತ್ತದೆ. ನಮ್ಮಲ್ಲಿ ಅಳತೆ ೧೯೯೮ರಲ್ಲಿ ಬಂದಿತು, ಪರಿಶೋಧನೆ ೨೦೧೫ರಲ್ಲಿ ವ್ಯಾಪಕವಾಯಿತು, ಅವಧಿ ೨೦೧೭ರಲ್ಲಿ ಗೊತ್ತಾಯಿತು. ಆದರೆ ಅವಧಿ ಬಂದಾಗಲೂ ಅಳತೆಗೆ ಆಜ್ಞೆಯ ಬಲ ಇರಲಿಲ್ಲ. ೯೦೦ ಮಿಲಿಮೀಟರ್ ಇರಬೇಕಾದ ಬಾಗಿಲು ೭೫೦ ಇದೆಯೆಂದು ಪರಿಶೋಧಕ ಬರೆಯಬಹುದು. ೯೦೦ ಎಂಬುದು ಸಲಹೆ ಮಾತ್ರವಾದರೆ ಆ ಬರೆಹದಿಂದ ಯಾರಿಗೂ ಹೊಣೆ ಅಂಟುವುದಿಲ್ಲ.

೭

ಕೊನೆಯದಾಗಿ ನಮ್ಮ ನಾಡಿನ ಕಟ್ಟಡಗಳನ್ನು ಕುರಿತು ಒಂದೆರಡು ಮಾತು. ಕರ್ನಾಟಕದ ವಾಸ್ತುಸಂಪ್ರದಾಯದಲ್ಲಿ ಎತ್ತರವೇ ಘನತೆಯ ಲಕ್ಷಣ. ಹೊಯ್ಸಳ ದೇವಾಲಯ ಜಗತಿಯ ಮೇಲೆ ನಿಲ್ಲುತ್ತದೆ. ಹಳ್ಳಿಯ ಮನೆ ಜಗಲಿಯ ಮೇಲೆ ನಿಲ್ಲುತ್ತದೆ. ೧೯೫೬ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮುಖಕ್ಕೆ ಶೋಭೆ ತಂದಿರುವುದು ಅದರ ವಿಶಾಲವಾದ ಸೋಪಾನಪಂಕ್ತಿ. ನಮ್ಮ ಹಳೆಯ ಕಾಲೇಜುಗಳೂ ಇದೇ ಅಭಿರುಚಿಯಿಂದ ಹುಟ್ಟಿದವು. ಮಳೆನೀರಿನಿಂದಲೂ ಹುಳುಹುಪ್ಪಟೆಯಿಂದಲೂ ರಕ್ಷಣೆ ನೀಡುವ ಎತ್ತರವಾದ ತಳಪಾಯಕ್ಕೆ ಉಪಯೋಗವೂ ಇತ್ತು. ಆದರೆ ಮೂರು ಅಡಿ ಎತ್ತರದ ತಳಪಾಯಕ್ಕೆ ೧೨ಕ್ಕೆ ೧ರ ಪ್ರಮಾಣದಲ್ಲಿ ೩೬ ಅಡಿ ಉದ್ದದ ಇಳಿಜಾರು ಬೇಕು. ನಡುವೆ ನಿಂತು ಉಸಿರಾಡಲು ಸಮತಟ್ಟಾದ ನೆಲವೂ ಬೇಕು. ಈ ಲೆಕ್ಕವನ್ನು ಹಾಕದೆ, ಮೆಟ್ಟಿಲ ಪಕ್ಕದಲ್ಲಿ ಎಂಟು ಹತ್ತು ಅಡಿಯ ಕಡಿದಾದ ಇಳಿಜಾರನ್ನು ಹಾಕಿದರೆ, ಅದು ಏರಲಾರದ ದಾರಿಯಾಗುತ್ತದೆ. ಇಳಿಯುವವನಿಗೆ ಅಪಾಯದ ದಾರಿಯೂ ಆಗುತ್ತದೆ. 'ಇಳಿಜಾರು ಇದೆಯೇ?' ಎಂಬ ಪ್ರಶ್ನೆಗೆ 'ಇದೆ' ಎಂದು ಬರೆದು ಮುಗಿಸುವ ಪರಿಶೋಧನೆ ನಿಷ್ಪ್ರಯೋಜಕ. ಎಷ್ಟಕ್ಕೆ ಎಷ್ಟು, ಕೈಪಿಡಿ ಇದೆಯೇ, ಏರಿದ ಮೇಲೆ ಎದುರಾಗುವ ಬಾಗಿಲು ಎಷ್ಟು ಅಗಲ, ಹೊಸಿಲು ಎಷ್ಟು ಎತ್ತರ, ಅಂಧನಾದವನಿಗೆ ಕೋಣೆಯ ಗುರುತು ಹೇಗೆ, ಕಿವುಡನಾದವನಿಗೆ ಗಂಟೆಯ ಸೂಚನೆ ಹೇಗೆ ಎಂಬುದನ್ನೆಲ್ಲ ಕೇಳಬೇಕು.

೨೦೧೬ರ ಅಧಿನಿಯಮದ ೩೨ನೆಯ ಪ್ರಕರಣವು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ ಐದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಅಂಗವಿಕಲರಿಗೆ ಮೀಸಲಿಟ್ಟಿದೆ. ೧೬ನೆಯ ಪ್ರಕರಣವು ಕಟ್ಟಡವನ್ನೂ ಆವರಣವನ್ನೂ ಸುಗಮ್ಯಗೊಳಿಸಬೇಕೆನ್ನುತ್ತದೆ. ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಬಿಟ್ಟರೆ, ವಿದ್ಯಾರ್ಥಿಗೆ ಪ್ರವೇಶಪತ್ರ ದೊರೆಯುತ್ತದೆ, ಪ್ರವೇಶ ದೊರೆಯುವುದಿಲ್ಲ. ಗ್ರಂಥಭಂಡಾರ ಮಹಡಿಯ ಮೇಲಿದ್ದರೆ ಅವನ ಪದವಿ ಸಹಪಾಠಿಗಳು ತಂದುಕೊಟ್ಟ ಪುಸ್ತಕಗಳ ಪದವಿಯಾಗುತ್ತದೆ. ಸುಗಮ್ಯತೆಯ ಮಾನವನ್ನು ಲೋಕಕ್ಕೆ ಕೊಟ್ಟುದು ಒಂದು ವಿಶ್ವವಿದ್ಯಾನಿಲಯ. ಅದನ್ನು ಕೇಳಿ ಪಡೆದವರು ಅಲ್ಲಿನ ವಿದ್ಯಾರ್ಥಿಗಳು. ನಮ್ಮ ಕಾಲೇಜುಗಳು ಸರ್ಕಾರದ ಪರಿಶೋಧಕನನ್ನು ಕಾಯುತ್ತ ಕೂರಬೇಕಾದ ಕಾರಣವಿಲ್ಲ. ಒಂದು ಅಳತೆಪಟ್ಟಿ, ಒಂದು ಪುಸ್ತಕ, ಆ ಕಟ್ಟಡವನ್ನು ದಿನವೂ ಬಳಸುವ ಅಂಗವಿಕಲ ವಿದ್ಯಾರ್ಥಿಗಳ ಜೊತೆ ಇವಿಷ್ಟಿದ್ದರೆ ಕೊರತೆಗಳ ಪಟ್ಟಿ ಒಂದು ವಾರದಲ್ಲಿ ಸಿದ್ಧವಾದೀತು. ಅದರ ಪ್ರತಿಯೊಂದು ಸಾಲಿನೆದುರಿಗೆ ಒಂದು ತಾರೀಖನ್ನೂ ಒಂದು ಹೆಸರನ್ನೂ ಬರೆಯುವುದೇ ಕಷ್ಟದ ಕೆಲಸ. ಆ ಎರಡು ಅಂಕಣಗಳು ಖಾಲಿ ಉಳಿದ ಪಟ್ಟಿಯಿಂದ ಯಾವ ಕಟ್ಟಡವೂ ಬದಲಾಗುವುದಿಲ್ಲವೆಂಬುದು ಮೇಲಿನ ವಿವೇಚನೆಯಿಂದ ವಿದಿತವಾಗುತ್ತದೆ.